ವಿಕ್ಟೋರಿಯಾ ರಾಣಿಯ ವಂಶವೃಕ್ಷ ಬಿಡಿಸುವುದು ಹೇಗೆ

ಪೆನ್ನು ಆಮೇಲೆ. ಮೊದಲು ಪೆನ್ಸಿಲ್ ತಗೊಳ್ಳಿ.

ಒಂದು ಡ್ರಾಯಿಂಗ್ ಶೀಟನ್ನು ಅಡ್ಡಲಾಗಿ ಹಾಸಿ. ಸ್ಕೇಲ್, ರಬ್ಬರ್, ಒಂದು ರೂಪಾಯಿ ನಾಣ್ಯ ಪಕ್ಕದಲ್ಲಿರಲಿ. ನಾಣ್ಯ ವೃತ್ತ ಬರೆಯುವುದಕ್ಕೆ. ಕಪ್ಪು ಸ್ಕೆಚ್ ಪೆನ್ ಕೊನೆಯಲ್ಲಿ ಬೇಕಾಗುತ್ತದೆ. ಎರಡು ಗಂಟೆ ಬಿಡುವು ಮಾಡಿಕೊಳ್ಳಿ, ಒಂದು ಪೀರಿಯಡ್‌ನಲ್ಲಿ ಮುಗಿಯುವ ಕೆಲಸ ಅಲ್ಲ ಇದು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ಪ್ರತಿ ಬ್ಯಾಚಿನ ಕೈಯಲ್ಲೂ ಈ ನಕ್ಷೆ ಬಿಡಿಸಿದ್ದೇನೆ. ಪಠ್ಯಪುಸ್ತಕದಲ್ಲಿ ಇದರ ಬಗ್ಗೆ ಇರುವುದು ಒಂದೇ ಸಾಲು: ವಿಕ್ಟೋರಿಯಾ ರಾಣಿ ಹಿಮೋಫಿಲಿಯಾದ ಕ್ಯಾರಿಯರ್ ಆಗಿದ್ದಳು, ಅವಳ ವಂಶದಲ್ಲಿ ಹಲವರಿಗೆ ಈ ಕಾಯಿಲೆ ಇತ್ತು. ಹಿಮೋಫಿಲಿಯಾ ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಕ್ಯಾರಿಯರ್ ಅಂದರೆ ಆ ದೋಷವನ್ನು ಹೊತ್ತು ಮಕ್ಕಳಿಗೆ ದಾಟಿಸಬಲ್ಲ ಹೆಣ್ಣು. ಆ ಸಾಲನ್ನು ಬಾಯಿಪಾಠ ಮಾಡಿದರೆ ಮಾರ್ಕ್ಸ್ ಬರುತ್ತದೆ. ಕಾಗದದ ಮೇಲೆ ಬಿಡಿಸಿದರೆ ಆ ಮನೆಗಳಲ್ಲಿ ಏನು ನಡೆಯಿತು ಅಂತ ಕಣ್ಣಿಗೆ ಕಾಣುತ್ತದೆ. ನನಗೆ ಇದರ ಮೇಲೆ ಇಷ್ಟು ಅಕ್ಕರೆ ಇರುವುದಕ್ಕೆ ಇನ್ನೊಂದು ಕಾರಣವೂ ಇದೆ. ನನ್ನ ತಮ್ಮನಿಗೂ ಇದೇ ಕಾಯಿಲೆ. ಈಗ ಅವನಿಗೆ ನಲವತ್ತೊಂದು. ಬಲಗಾಲಿನ ಮಂಡಿ ಪೂರ್ತಿ ಮಡಚುವುದಿಲ್ಲ.

ಗುರುತುಗಳು ಸುಲಭ. ಗಂಡು ಅಂದರೆ ಚೌಕ, ಹೆಣ್ಣು ಅಂದರೆ ವೃತ್ತ. ಕಾಯಿಲೆ ಇದ್ದವರದ್ದು ಪೂರ್ತಿ ಕಪ್ಪು. ಕ್ಯಾರಿಯರ್ ಆದ ಹೆಣ್ಣಿನ ವೃತ್ತದ ಮಧ್ಯೆ ಒಂದು ಚುಕ್ಕೆ. ಗಂಡ ಹೆಂಡತಿಯ ನಡುವೆ ಒಂದು ಅಡ್ಡಗೆರೆ, ಹತ್ತಿರದ ಸಂಬಂಧದಲ್ಲಿ ಮದುವೆಯಾಗಿದ್ದರೆ ಜೋಡಿ ಗೆರೆ. ತಲೆಮಾರಿಗೆ ಒಂದು ಸಾಲು, ಎಡತುದಿಯಲ್ಲಿ ರೋಮನ್ ಅಂಕಿ. ಇದರ ಜೊತೆಗೆ ನಾನು ಇನ್ನೊಂದು ಗುರುತು ಇಟ್ಟುಕೊಂಡಿದ್ದೇನೆ: ಗೊತ್ತಾಗದ ಕಡೆ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ. ಇದನ್ನು ಬಿಡಬೇಡಿ, ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ.

ಕಾಯಿಲೆ ಹೇಗೆ ದಾಟುತ್ತದೆ ಅನ್ನುವುದನ್ನು ಈಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕಾದ ಫ್ಯಾಕ್ಟರ್ ಅನ್ನುವ ಪ್ರೋಟೀನಿನ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ, ಜೊತೆಗೆ ಒಂದು ವೈ. ಮನೆಗೆ ಎರಡು ಕೀ ಇದ್ದರೆ ಒಂದು ಸವೆದು ಹೋದರೂ ಬಾಗಿಲು ತೆಗೆಯಬಹುದು, ಅಲ್ವಾ? ಹೆಣ್ಣಿನದ್ದು ಹಾಗೆ. ಗಂಡಿನ ಹತ್ತಿರ ಇರುವುದು ಒಂದೇ ಕೀ. ಅದು ಕೆಟ್ಟರೆ ಕೆಟ್ಟಂತೆ. ಕ್ಯಾರಿಯರ್ ತಾಯಿಯ ಪ್ರತಿ ಮಗನಿಗೂ ಕೆಟ್ಟ ಕೀ ಸಿಗುವ ಸಾಧ್ಯತೆ ಅರ್ಧಕ್ಕರ್ಧ. ಪ್ರತಿ ಮಗಳು ಕ್ಯಾರಿಯರ್ ಆಗುವ ಸಾಧ್ಯತೆಯೂ ಅಷ್ಟೇ. ಕಾಯಿಲೆ ಇರುವ ತಂದೆ ತನ್ನ ಎಕ್ಸನ್ನು ಕೊಡುವುದು ಹೆಣ್ಣುಮಕ್ಕಳಿಗೆ ಮಾತ್ರ. ಗಂಡುಮಕ್ಕಳಿಗೆ ಅವನಿಂದ ಹೋಗುವುದು ವೈ.

ಇನ್ನು ಬರೆಯಿರಿ. ಹಾಳೆಯ ಮೇಲ್ಭಾಗದಲ್ಲಿ ವಿಕ್ಟೋರಿಯಾ, ಪಕ್ಕದಲ್ಲಿ ಆಲ್ಬರ್ಟ್. 1840ರಲ್ಲಿ ಮದುವೆ. ನಡುವೆ ಜೋಡಿ ಗೆರೆ ಎಳೆಯಿರಿ, ಯಾಕೆಂದರೆ ವಿಕ್ಟೋರಿಯಾಳ ತಾಯಿ ಮತ್ತು ಆಲ್ಬರ್ಟನ ತಂದೆ ಒಡಹುಟ್ಟಿದವರು. ನಮ್ಮ ಲೆಕ್ಕದಲ್ಲಿ ಸೋದರಮಾವನ ಮಗನನ್ನೇ ಅವಳು ಮದುವೆಯಾದಳು. ಕೆಳಗಿನ ಸಾಲಿನಲ್ಲಿ ಒಂಬತ್ತು ಮಕ್ಕಳು, ಎಡದಿಂದ ಬಲಕ್ಕೆ ಹುಟ್ಟಿದ ಕ್ರಮದಲ್ಲಿ: ವಿಕಿ, ಎಡ್ವರ್ಡ್, ಆಲಿಸ್, ಆಲ್ಫ್ರೆಡ್, ಹೆಲೆನಾ, ಲೂಯಿಸ್, ಆರ್ಥರ್, ಲಿಯೋಪೋಲ್ಡ್, ಬಿಯಾಟ್ರಿಸ್. ಐದು ವೃತ್ತ, ನಾಲ್ಕು ಚೌಕ. ಆಲಿಸ್, ಲಿಯೋಪೋಲ್ಡ್, ಬಿಯಾಟ್ರಿಸ್ ಈ ಮೂವರ ಕೆಳಗೆ ಜಾಸ್ತಿ ಜಾಗ ಬಿಡಿ. ಉಳಿದವರ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಹಾಕಲು ಹೋದರೆ ಹಾಳೆ ಸಾಲುವುದಿಲ್ಲ.

ಮಕ್ಕಳು ಇಲ್ಲಿಯೇ ಆತುರ ಮಾಡುತ್ತಾರೆ. ರಾಣಿಯ ವೃತ್ತಕ್ಕೆ ಮೊದಲು ಚುಕ್ಕೆ ಇಟ್ಟುಬಿಡುತ್ತಾರೆ. ಇಡಬೇಡಿ. ಅವಳು ಕ್ಯಾರಿಯರ್ ಅಂತ ಮೊದಲಿಗೆ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಹುಡುಗರ ರಕ್ತದಿಂದ. ಅದಕ್ಕೇ ಈ ನಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ ತುಂಬಬೇಕು. ಮೊದಲು ಕಪ್ಪು ಚೌಕ, ಆಮೇಲೆ ಚುಕ್ಕೆ.

ಕಪ್ಪು ಚೌಕಗಳು ಒಂಬತ್ತು. ಒಂದೊಂದನ್ನು ತುಂಬಿದ ಕೂಡಲೇ ಹಾಳೆಯನ್ನು ತಿರುಗಿಸಿ, ಅದೇ ಜಾಗದ ಬೆನ್ನಿಗೆ ಆ ಹುಡುಗನಿಗೆ ಏನಾಯಿತು ಅಂತ ಎರಡು ಸಾಲು ಬರೆಯಿರಿ. ನನ್ನ ತರಗತಿಯಲ್ಲಿ ಇದು ಕಡ್ಡಾಯ. ಸುಮ್ನೆ ಕಪ್ಪು ಬಳಿದರೆ ಅದು ಬರೀ ಚೌಕವಾಗಿಯೇ ಉಳಿಯುತ್ತದೆ.

ಎರಡನೇ ಸಾಲಿನಲ್ಲಿ ಒಬ್ಬನೇ, ಲಿಯೋಪೋಲ್ಡ್. 1853ರಲ್ಲಿ ಹುಟ್ಟಿದವನು. ಚಳಿಗೆ ಕೀಲುನೋವು ತಡೆಯಲಾಗದೆ 1884ರಲ್ಲಿ ಫ್ರಾನ್ಸಿನ ಕಾನ್‌ಗೆ ಹೋಗಿದ್ದ. ಅಲ್ಲಿ ಮೆಟ್ಟಿಲ ಹತ್ತಿರ ಜಾರಿ ಮಂಡಿಗೆ ಪೆಟ್ಟು ಮಾಡಿಕೊಂಡ. ಮಾರನೇ ದಿನ ಬೆಳಗಾಗುವಷ್ಟರಲ್ಲಿ ತೀರಿಕೊಂಡ. ವಯಸ್ಸು 30. ಹೆಂಡತಿ ಆಗ ಬಸುರಿ.

ಆಲಿಸ್‌ಳ ಮದುವೆ ಆಗಿದ್ದು ಜರ್ಮನಿಯ ಹೆಸ್ಸೆ ಮನೆತನದ ಲುಡ್ವಿಗ್ ಜೊತೆ. ಏಳು ಮಕ್ಕಳು: ವಿಕ್ಟೋರಿಯಾ, ಎಲ್ಲಾ (ಎಲಿಜಬೆತ್), ಐರೀನ್, ಅರ್ನ್‌ಸ್ಟ್, ಫ್ರಿಟ್ಟಿ, ಅಲಿಕ್ಸ್, ಮೇರಿ. ಫ್ರಿಟ್ಟಿಯ ಚೌಕ ಕಪ್ಪು. 1873ರ ಆರಂಭದಲ್ಲಿ ಕಿವಿಗೆ ಸಣ್ಣ ಗಾಯವಾದಾಗ ದಿನಗಟ್ಟಲೆ ರಕ್ತ ನಿಲ್ಲಲಿಲ್ಲ. ಅದೇ ಮೇ ತಿಂಗಳಲ್ಲಿ ಡಾರ್ಮ್‌ಸ್ಟಾಟ್‌ನ ಅರಮನೆಯಲ್ಲಿ ಕಿಟಕಿಯಿಂದ ಬಿದ್ದ. ತಲೆಯೊಳಗೆ ರಕ್ತಸ್ರಾವವಾಗಿ ಅಂದೇ ಹೋದ. ಮೂರು ವರ್ಷ ಕೂಡ ತುಂಬಿರಲಿಲ್ಲ.

ಆಲಿಸ್‌ಳ ಮಗಳು ಐರೀನ್ ಮದುವೆಯಾಗಿದ್ದು ಪ್ರಶ್ಯಾದ ಹೈನ್ರಿಕ್‌ನನ್ನು. ಮೂರು ಗಂಡುಮಕ್ಕಳು. ಹಿರಿಯ ವಾಲ್ಡೆಮಾರ್ ಕಪ್ಪು, ಮಧ್ಯದ ಸಿಗಿಸ್ಮಂಡ್ ಖಾಲಿ, ಕಿರಿಯ ಹೈನ್ರಿಕ್ ಕಪ್ಪು. ಕಿರಿಯವನು ನಾಲ್ಕು ವರ್ಷದವನಿದ್ದಾಗ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. ಅದು 1904ರ ಫೆಬ್ರವರಿ. ವಾಲ್ಡೆಮಾರ್ 56 ವರ್ಷ ಬದುಕಿದ. ಯುದ್ಧದ ಕೊನೆಯ ದಿನಗಳಲ್ಲಿ, 1945ರ ಮೇ ತಿಂಗಳಲ್ಲಿ, ಮೈಮೇಲೆ ಏರಿಸಲು ರಕ್ತ ಸಿಗದೆ ಹೋದ.

ಇನ್ನೊಬ್ಬ ಮಗಳು ಅಲಿಕ್ಸ್. ರಷ್ಯಾದ ಎರಡನೇ ನಿಕೊಲಸ್‌ನನ್ನು ಮದುವೆಯಾಗಿ ಅಲೆಕ್ಸಾಂಡ್ರಾ ಆದವಳು. ನಾಲ್ಕು ಹೆಣ್ಣುಮಕ್ಕಳು, ಓಲ್ಗಾ, ಟಟಿಯಾನಾ, ಮರಿಯಾ, ಅನಸ್ತಾಸಿಯಾ. ಆಮೇಲೆ ಗಂಡು, ಅಲೆಕ್ಸಿ. ಅವನು ಹುಟ್ಟಿದ್ದು 1904ರ ಆಗಸ್ಟ್‌ನಲ್ಲಿ. ತಾರೀಖು ಗಮನಿಸಿ. ಅಕ್ಕ ಐರೀನ್ ಮಗನನ್ನು ಮಣ್ಣು ಮಾಡಿ ಆರು ತಿಂಗಳಿಗೆ ತಂಗಿಗೆ ಗಂಡುಮಗು ಹುಟ್ಟಿತು. ಕೆಲವೇ ವಾರಗಳಲ್ಲಿ ಆ ಮಗುವಿನ ಹೊಕ್ಕುಳಿನಿಂದ ರಕ್ತ ಬರತೊಡಗಿತು. ಆ ತಾಯಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಣ್ಣ ಫ್ರಿಟ್ಟಿಯನ್ನು, ಅಕ್ಕನ ಮಗನನ್ನು ಇದೇ ಕಾಯಿಲೆಗೆ ಕಳೆದುಕೊಂಡ ಮನೆಯವಳು ಅವಳು.

ಅಲೆಕ್ಸಿಯ ಚೌಕದ ಬೆನ್ನಿಗೆ ಎರಡು ಸಾಲು ಸಾಲುವುದಿಲ್ಲ, ಅರ್ಧ ಪುಟ ಬರೆಯಿರಿ. 1912ರ ಶರತ್ಕಾಲ. ದೋಣಿಗೆ ಹಾರುವಾಗ ತೊಡೆಗೆ ಪೆಟ್ಟಾಗಿತ್ತು. ಕಮ್ಮಿಯಾಯಿತು ಅಂದುಕೊಂಡರು. ಪೋಲೆಂಡಿನ ಸ್ಪಾಲಾದಲ್ಲಿ ಬೇಟೆಯ ಬಂಗಲೆ ಇತ್ತು, ಅಲ್ಲಿ ತಾಯಿ ಅವನನ್ನು ಸಾರೋಟಿನಲ್ಲಿ ತಿರುಗಾಡಿಸಲು ಕರೆದುಕೊಂಡು ಹೋದಳು. ದಾರಿಯ ಕುಲುಕಾಟಕ್ಕೆ ಒಳಗೆ ಮತ್ತೆ ರಕ್ತ ಒಸರಿತು. ತೊಡೆಸಂದಿನಲ್ಲಿ ರಕ್ತ ತುಂಬಿ ಊದಿಕೊಂಡಿತು. ಕಾಲನ್ನು ಎದೆಗೆ ಎಳೆದುಕೊಂಡು, ಚೀರುತ್ತಾ ದಿನಗಟ್ಟಲೆ ಮಲಗಿದ್ದ. ಪಾದ್ರಿ ಬಂದು ಸಾಯುವವರಿಗೆ ಮಾಡುವ ಪ್ರಾರ್ಥನೆಯನ್ನೂ ಮುಗಿಸಿದರು. ಹುಡುಗ ಬದುಕಿಕೊಂಡ. ಆದರೆ ಎಷ್ಟೋ ತಿಂಗಳು ಎಡಗಾಲು ನೆಟ್ಟಗಾಗಲಿಲ್ಲ. ಮರುವರ್ಷ ರೊಮಾನೊವ್ ಮನೆತನದ ಮುನ್ನೂರು ವರ್ಷದ ಸಂಭ್ರಮದಲ್ಲಿ ಅವನನ್ನು ಎತ್ತಿಕೊಂಡೇ ಹೋಗಬೇಕಾಯಿತು.

ಕಾಲನ್ನು ಎದೆಗೆ ಎಳೆದುಕೊಳ್ಳುವುದು ಅಂದೆನಲ್ಲ, ಅದನ್ನು ನಾನು ಕಂಡಿದ್ದೇನೆ. ಕೀಲಿನಲ್ಲೋ ತೊಡೆಸಂದಿನಲ್ಲೋ ರಕ್ತ ತುಂಬಿದಾಗ ಕಾಲು ಮಡಚಿಕೊಂಡಿದ್ದರೆ ಒತ್ತಡ ಸ್ವಲ್ಪ ಕಮ್ಮಿ. ನನ್ನ ತಮ್ಮ ಒಂಬತ್ತು ವರ್ಷದವನಿದ್ದಾಗ ಹಾಗೆಯೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಮಂಡಿ ತೆಂಗಿನಕಾಯಿ ಗಾತ್ರ ಆಗಿರುತ್ತಿತ್ತು, ಮುಟ್ಟಿದರೆ ಬಿಸಿ. ಅಮ್ಮ ಮಂಚದ ಹತ್ತಿರ ಹೋಗುವಾಗ ಮಂಚ ಅಲುಗಬಾರದು ಅಂತ ಉಸಿರು ಹಿಡಿದುಕೊಂಡು ಹೋಗುತ್ತಿದ್ದಳು.

ಬಿಯಾಟ್ರಿಸ್ ಕಡೆಗೆ ಬನ್ನಿ. ಬ್ಯಾಟನ್‌ಬರ್ಗ್‌ನ ಹೆನ್ರಿ ಜೊತೆ ಮದುವೆ, ನಾಲ್ಕು ಮಕ್ಕಳು: ಅಲೆಕ್ಸಾಂಡರ್, ಎನಾ, ಲಿಯೋಪೋಲ್ಡ್, ಮಾರಿಸ್. ಈ ಲಿಯೋಪೋಲ್ಡ್ ಕಪ್ಪು. 1922ರಲ್ಲಿ ಸೊಂಟದ ಆಪರೇಷನ್ ಉಳಿಯಗೊಡಲಿಲ್ಲ. ಮಾರಿಸ್ 1914ರಲ್ಲಿ ಯುದ್ಧದಲ್ಲಿ ಮಡಿದ. ಕೆಲವರು ಅವನ ಚೌಕಕ್ಕೂ ಕಪ್ಪು ಬಳಿಯುತ್ತಾರೆ. ನಾನು ಪ್ರಶ್ನೆ ಚಿಹ್ನೆ ಹಾಕಿಸುತ್ತೇನೆ. ಎನಾ 1906ರಲ್ಲಿ ಸ್ಪೇನಿನ ರಾಜ ಹದಿಮೂರನೇ ಅಲ್ಫೋನ್ಸೊನ ರಾಣಿಯಾದಳು. ಅವಳ ಹಿರಿಯ ಮಗ ಅಲ್ಫೋನ್ಸೊ ಮತ್ತು ಕಿರಿಯ ಮಗ ಗೊನ್ಸಾಲೊ ಇಬ್ಬರೂ ಕಪ್ಪು. ನಡುವಿನ ಹೈಮೆ ಮತ್ತು ಹ್ವಾನ್ ಖಾಲಿ. ಗೊನ್ಸಾಲೊ 1934ರಲ್ಲಿ ಆಸ್ಟ್ರಿಯಾದಲ್ಲಿ, ಅಲ್ಫೋನ್ಸೊ 1938ರಲ್ಲಿ ಮಯಾಮಿಯಲ್ಲಿ, ಇಬ್ಬರೂ ಕಾರು ಅಪಘಾತದ ನಂತರ ರಕ್ತ ನಿಲ್ಲದೆ ಹೋದರು. ಒಬ್ಬನಿಗೆ 19, ಇನ್ನೊಬ್ಬನಿಗೆ 31.

ಕೊನೆಗೆ ಲಿಯೋಪೋಲ್ಡ್‌ನ ಕೆಳಗಿನ ಜಾಗ. ಎಲ್ಲಕ್ಕಿಂತ ಚಿಕ್ಕ ಕೊಂಬೆ ಇದು, ಆದರೆ ನನಗೆ ತುಂಬಾ ಇಷ್ಟ. ಅವನಿಗೆ ಇಬ್ಬರು ಮಕ್ಕಳು. ಮಗಳು ಆಲಿಸ್, ಮತ್ತು ಅವನು ಸತ್ತ ಮೇಲೆ ಹುಟ್ಟಿದ ಮಗ ಚಾರ್ಲ್ಸ್ ಎಡ್ವರ್ಡ್. ಅಪ್ಪನಿಗೆ ಕಾಯಿಲೆ ಇತ್ತು, ಮಗನಿಗೆ ಇಲ್ಲ. ಮಗಳು ಚೆನ್ನಾಗಿದ್ದಳು, 97 ವರ್ಷ ಬದುಕಿದಳು. ಆದರೆ ಅವಳ ಮಗ ರೂಪರ್ಟ್‌ನ ಚೌಕ ಕಪ್ಪು. 1928ರಲ್ಲಿ ಫ್ರಾನ್ಸಿನಲ್ಲಿ ಕಾರು ಅಪಘಾತ, ವಯಸ್ಸು 20. ನಮ್ಮ ನಿಯಮ ಇಲ್ಲಿ ಗೆರೆ ಎಳೆದಷ್ಟು ಸ್ಪಷ್ಟ. ಅಪ್ಪನಿಂದ ಮಗನಿಗೆ ಹೋಗಲಿಲ್ಲ. ಮಗಳ ಮೂಲಕ ಮೊಮ್ಮಗನಿಗೆ ಹೋಯಿತು.

ಈಗ ಚುಕ್ಕೆ ಇಡುವ ಹೊತ್ತು. ಎರಡು ನಿಯಮ ಸಾಕು. ತಂದೆಯ ಚೌಕ ಕಪ್ಪಾಗಿದ್ದರೆ ಮಗಳಿಗೆ ಕಣ್ಣುಮುಚ್ಚಿ ಚುಕ್ಕೆ ಇಡಿ. ಹಾಗಾಗಿ ಲಿಯೋಪೋಲ್ಡ್‌ನ ಮಗಳು ಆಲಿಸ್‌ಗೆ ಮೊದಲ ಚುಕ್ಕೆ, ರೂಪರ್ಟ್ ಹುಟ್ಟುವ ಮೊದಲೇ ಅದನ್ನು ಇಡಬಹುದಾಗಿತ್ತು. ಇನ್ನೊಂದು ನಿಯಮದಲ್ಲಿ ಸ್ವಲ್ಪ ಎಚ್ಚರ ಬೇಕು. ಮಗ ಕಪ್ಪಾಗಿದ್ದಾನೆ ಅಂದ ಮಾತ್ರಕ್ಕೆ ತಾಯಿ ಕ್ಯಾರಿಯರ್ ಅಂತ ಹೇಳಲು ಬರುವುದಿಲ್ಲ. ಹಿಮೋಫಿಲಿಯಾ ಕೇಸುಗಳಲ್ಲಿ ಸುಮಾರು ಮೂರರಲ್ಲಿ ಒಂದು, ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಶುರುವಾಗುವಂಥದ್ದು. ಮಗನ ಜೊತೆಗೆ ಇನ್ನೊಬ್ಬ ಮಗನೋ, ಅವಳ ಅಣ್ಣತಮ್ಮನೋ, ತಾಯಿ ಕಡೆಯ ಮತ್ತೊಬ್ಬ ಗಂಡಸೋ ಕಪ್ಪಾಗಿದ್ದರೆ ಆಗ ಅನುಮಾನ ಇಲ್ಲ. ಐರೀನ್, ಅಲಿಕ್ಸ್, ಎನಾ ಮೂವರಿಗೂ ಚುಕ್ಕೆ ಬಂತು. ಅವರ ತಾಯಂದಿರು ಆಲಿಸ್ ಮತ್ತು ಬಿಯಾಟ್ರಿಸ್‌ಗೂ ಬಂತು. ಈಗ, ಕೊನೆಯಲ್ಲಿ, ವಿಕ್ಟೋರಿಯಾ. ಒಟ್ಟು ಏಳು.

ವಿಕ್ಟೋರಿಯಾಳ ಮೇಲೆ ಏನಿದೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಅವಳ ಅಪ್ಪನಿಗೆ ಕಾಯಿಲೆ ಇರಲಿಲ್ಲ. ತಾಯಿಯ ಕಡೆಯೂ ರಕ್ತ ನಿಲ್ಲದ ಹುಡುಗರ ಸುದ್ದಿ ಇಲ್ಲ. ಅವಳು ಹುಟ್ಟಿದಾಗ ಅಪ್ಪನಿಗೆ 51 ವರ್ಷ. ತಂದೆಯ ವಯಸ್ಸು ಏರಿದಂತೆ ಜೀನ್‌ಗಳಲ್ಲಿ ಹೊಸ ಬದಲಾವಣೆ ಆಗುವುದು ಜಾಸ್ತಿ. ಬಹುಶಃ ಅಲ್ಲೇ, ಆ ಒಂದು ಎಕ್ಸಿನಲ್ಲಿ ಒಂದು ಅಕ್ಷರ ತಪ್ಪಿತು. ಯಾರ ತಪ್ಪೂ ಅಲ್ಲ.

ಉಳಿದ ವೃತ್ತಗಳನ್ನು ಖಾಲಿ ಬಿಟ್ಟು ಎದ್ದು ಹೋಗಬೇಡಿ. ಲೂಯಿಸ್‌ಗೆ ಮಕ್ಕಳಿಲ್ಲ. ಅವಳು ಕ್ಯಾರಿಯರ್ ಆಗಿದ್ದಳೋ ಇಲ್ಲವೋ ನಕ್ಷೆ ಹೇಳಲಾರದು. ಪ್ರಶ್ನೆ ಚಿಹ್ನೆ ಹಾಕಿ. ವಿಕಿಗೆ ನಾಲ್ಕು ಗಂಡುಮಕ್ಕಳು, ಯಾರಿಗೂ ಕಾಯಿಲೆ ಇಲ್ಲ. ನಾಣ್ಯ ನಾಲ್ಕು ಸಲ ಚಿಮ್ಮಿದಾಗ ನಾಲ್ಕೂ ಸಲ ನಾವು ಹೇಳಿದ ಮುಖವೇ ಬೀಳುವುದು ಹದಿನಾರಕ್ಕೆ ಒಂದು. ಅವಳ ಮೇಲಿನ ಅನುಮಾನ ತೀರಾ ಕಮ್ಮಿ, ಸೊನ್ನೆ ಅಲ್ಲ. ನಾನು ತೆಳ್ಳಗೆ ಒಂದು ಪ್ರಶ್ನೆ ಚಿಹ್ನೆ ಹಾಕುತ್ತೇನೆ. ಆಲಿಸ್‌ಳ ಹೆಣ್ಣುಮಕ್ಕಳಲ್ಲಿ ಎಲ್ಲಾಗೆ ಮಕ್ಕಳಾಗಲಿಲ್ಲ, ಮೇರಿ ನಾಲ್ಕು ವರ್ಷಕ್ಕೇ ಡಿಫ್ತೀರಿಯಾದಿಂದ ಹೋದಳು. ಇಬ್ಬರಿಗೂ ಪ್ರಶ್ನೆ ಚಿಹ್ನೆ.

ರಷ್ಯಾದ ನಾಲ್ವರು ಅಕ್ಕಂದಿರಿಗೂ ಬಹಳ ಕಾಲ ಬರೀ ಪ್ರಶ್ನೆ ಚಿಹ್ನೆಯೇ ಇತ್ತು. 1918ರ ಜುಲೈನಲ್ಲಿ ಯೆಕಟೆರಿನ್‌ಬರ್ಗ್‌ನಲ್ಲಿ ಇಡೀ ಕುಟುಂಬವನ್ನು ಗುಂಡಿಟ್ಟು ಕೊಂದರು. ಅಲೆಕ್ಸಿ ಮತ್ತು ಒಬ್ಬ ಅಕ್ಕನ ಮೂಳೆಗಳು ಸಿಕ್ಕಿದ್ದು 2007ರಲ್ಲಿ. 2009ರಲ್ಲಿ ಕುಟುಂಬದವರ ಮೂಳೆಗಳ ಡಿಎನ್‌ಎ ಓದಿದಾಗ ಗೊತ್ತಾಯಿತು, ಇದು ಹಿಮೋಫಿಲಿಯಾ ಬಿ, ಅಂದರೆ ಫ್ಯಾಕ್ಟರ್ 9ರ ಜೀನಿನ ದೋಷ. ತಾಯಿ ಕ್ಯಾರಿಯರ್ ಅನ್ನುವುದೂ ಖಚಿತವಾಯಿತು. ಅಕ್ಕಂದಿರಲ್ಲೂ ಒಬ್ಬಳು ಕ್ಯಾರಿಯರ್, ಬಹುಶಃ ಅನಸ್ತಾಸಿಯಾ. ಅವಳ ವೃತ್ತದಲ್ಲಿ ಪ್ರಶ್ನೆ ಚಿಹ್ನೆಯ ಪಕ್ಕಕ್ಕೆ ತೆಳುವಾದ ಚುಕ್ಕೆ ಇಡಿ. ಹಾಳೆಯ ತಲೆಬರಹದಲ್ಲಿ ಬರೀ ಹಿಮೋಫಿಲಿಯಾ ಅಂತಿದ್ದರೆ ಪಕ್ಕದಲ್ಲಿ 'ಬಿ' ಸೇರಿಸಿ.

ಈಗ ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. ನಮ್ಮ ಕಡೆ ಇದು ತುಂಬಾ. ಮೇಲಿನ ಜೋಡಿ ಗೆರೆ ನೋಡಿದ ತಕ್ಷಣ ಮಕ್ಕಳು ಹೇಳುವುದು, "ಮಿಸ್, ಸಂಬಂಧದಲ್ಲಿ ಮದುವೆ ಆಗಿದ್ದಕ್ಕೇ ಹೀಗಾಯ್ತು." ಆಗ ನಾನು ಐರೀನ್ ಹತ್ತಿರ ಬೆರಳಿಡಲು ಹೇಳುತ್ತೇನೆ. ಅವಳ ಗಂಡ ಹೈನ್ರಿಕ್ ಯಾರು? ವಿಕಿಯ ಮಗ. ವಿಕಿ ಮತ್ತು ಆಲಿಸ್ ಅಕ್ಕತಂಗಿಯರು. ನಮ್ಮಲ್ಲಾದರೆ ಅಣ್ಣ ತಂಗಿ ವರಸೆ, ಮದುವೆಯ ಮಾತೇ ಬರುವುದಿಲ್ಲ. ಅವರಲ್ಲಿ ಆಯಿತು. ಅಲ್ಲಿಯೂ ಜೋಡಿ ಗೆರೆ ಎಳೆಯಿರಿ. ಈಗ ಯೋಚಿಸಿ. ಹೈನ್ರಿಕ್‌ಗೆ ಕಾಯಿಲೆ ಇರಲಿಲ್ಲ, ಅಂದರೆ ಅವನ ಎಕ್ಸ್ ಸರಿಯಾಗಿಯೇ ಇತ್ತು. ಇನ್ನು ಗಂಡುಮಕ್ಕಳಿಗೆ ಅವನು ಕೊಟ್ಟಿದ್ದು ವೈ ಮಾತ್ರ. ಐರೀನ್ ಯಾವ ದೂರದ ಊರಿನವನನ್ನು ಮದುವೆಯಾಗಿದ್ದರೂ ಅವಳ ಮಕ್ಕಳಿಗೆ ಇದ್ದ ಅಪಾಯ ಅಷ್ಟೇ. ಎನಾ ಸ್ಪೇನಿಗೆ ಹೋದಳು, ಅಲ್ಲಿ ಒಂಟಿ ಗೆರೆ, ಅಲ್ಲೂ ಮಕ್ಕಳು ನರಳಿದರು. ಹತ್ತಿರದ ಸಂಬಂಧದಿಂದ ಬೇರೆ ಕಾಯಿಲೆಗಳು ಬರುತ್ತವೆ, ನಿಜ. ಗಂಡನ ಕಡೆಯಿಂದಲೂ ಹೆಂಡತಿಯ ಕಡೆಯಿಂದಲೂ ಒಂದೇ ದೋಷ ಬಂದು ಸೇರಬೇಕಾದ ಕಾಯಿಲೆಗಳು ಅವು. ಇದು ಆ ಜಾತಿಯದ್ದಲ್ಲ.

ಇನ್ನೊಂದು ಪ್ರಶ್ನೆಯೂ ಪ್ರತಿವರ್ಷ ಬರುತ್ತದೆ, ಈಗಿನ ಇಂಗ್ಲೆಂಡ್ ರಾಜಮನೆತನಕ್ಕೆ ಯಾಕೆ ಇಲ್ಲ ಅಂತ. ಅವರು ಎಡ್ವರ್ಡ್‌ನ ಕೆಳಗಿನವರು. ಅವನಿಗೆ ತಾಯಿಯ ಒಳ್ಳೆಯ ಎಕ್ಸ್ ಸಿಕ್ಕಿತು, ಅಲ್ಲಿಗೆ ಆ ಕೊಂಬೆಯಲ್ಲಿ ಮುಗಿಯಿತು.

ಎಲ್ಲ ಸರಿ ಅನಿಸಿದ ಮೇಲೆ ಸ್ಕೆಚ್ ಪೆನ್ ತೆಗೆಯಿರಿ. ಪ್ರಶ್ನೆ ಚಿಹ್ನೆಗಳನ್ನು ಮಾತ್ರ ಪೆನ್ಸಿಲಿನಲ್ಲೇ ಬಿಡಿ.

ಇದೇ ವಿಧಾನದಲ್ಲಿ ನಿಮ್ಮ ಮನೆಯದ್ದನ್ನೂ ಬರೆಯಬಹುದು. ನಾನು ಬರೆದೆ. ನನ್ನ ತಮ್ಮನದ್ದು ಹಿಮೋಫಿಲಿಯಾ ಎ, ಫ್ಯಾಕ್ಟರ್ 8. ಕಾಯಿಲೆ ದಾಟುವ ದಾರಿ ಮಾತ್ರ ಒಂದೇ. ಮೂರು ವರ್ಷದವನಿದ್ದಾಗ ನಾಲಿಗೆ ಕಚ್ಚಿಕೊಂಡು ನಾಲ್ಕು ದಿನ ರಕ್ತ ನಿಲ್ಲದಿದ್ದಾಗ ಮನೆಗೆ ಬಂದವರೆಲ್ಲ ನಾಗದೋಷ ಅಂದರು, ಅಮ್ಮನ ಕಾಲ್ಗುಣ ಅಂದರು. ಅಮ್ಮ ಎಷ್ಟೋ ವರ್ಷ ಮದುವೆಮನೆಗಳಿಗೇ ಹೋಗಲಿಲ್ಲ. ನಕ್ಷೆ ಬರೆಯಲು ಅಜ್ಜಿಯ ಪಕ್ಕ ಕೂತಾಗ ಮೊದಲು ನಾನು ತಪ್ಪಾಗಿ ಕೇಳಿದೆ: "ಅಜ್ಜಿ, ನಿಮ್ಮ ಕಡೆ ಯಾರಿಗಾದರೂ ಈ ಕಾಯಿಲೆ ಇತ್ತಾ?" ಇಲ್ಲ ಅಂದಳು. ಹಾಗೆ ಕೇಳಬಾರದು. ಚಿಕ್ಕ ವಯಸ್ಸಿಗೆ ಹೋದ ಗಂಡುಮಕ್ಕಳು ಯಾರು, ಹೇಗೆ ಹೋದರು ಅಂತ ಕೇಳಬೇಕು. ಹಲ್ಲು ಬಿದ್ದಾಗ, ಕಿವಿ ಚುಚ್ಚಿಸಿದಾಗ, ಮುಂಜಿ ಮಾಡಿಸಿದಾಗ ರಕ್ತ ನಿಲ್ಲದೆ ಹೆದರಿಸಿದವರು ಯಾರು, ಮಂಡಿ ಊದಿ ಕುಂಟುತ್ತಿದ್ದವರು ಯಾರು. ಹೆಂಗಸರನ್ನು ಮರೆಯಬೇಡಿ. ಕ್ಯಾರಿಯರ್ ಆದವರಲ್ಲೂ ಕೆಲವರಿಗೆ ಮುಟ್ಟಿನಲ್ಲಿ, ಹೆರಿಗೆಯಲ್ಲಿ ವಿಪರೀತ ರಕ್ತ ಹೋಗುತ್ತದೆ. ಆಮೇಲೆ ಅಜ್ಜಿ ಹೇಳಿದಳು. ಅಮ್ಮನಿಗೆ ಒಬ್ಬ ಅಣ್ಣ ಇದ್ದ. ಏಳು ವರ್ಷಕ್ಕೆ ಹುಣಸೆಮರದಿಂದ ಬಿದ್ದ, ಮೈಮೇಲೆ ಗಾಯವೇ ಇರಲಿಲ್ಲ, ಹೊಟ್ಟೆ ಊದಿಕೊಂಡು ಮೂರನೇ ದಿನ ಹೋದ. ನಾನು ಚೌಕಕ್ಕೆ ಕಪ್ಪು ಬಳಿದೆ. ಆಗ ಅಜ್ಜಿಗೂ ಅಮ್ಮನಿಗೂ ಚುಕ್ಕೆ ಬಂತು. ಅಮ್ಮ ಆ ಹಾಳೆಯನ್ನು ತುಂಬಾ ಹೊತ್ತು ನೋಡಿದಳು. "ಹಾಗಾದ್ರೆ ಇದು ನಾನು ಮಾಡಿದ್ದಲ್ಲ," ಅಂದಳು.

ನನ್ನ ವೃತ್ತದಲ್ಲಿ ಆಗ ಪ್ರಶ್ನೆ ಚಿಹ್ನೆ ಇತ್ತು. ಜೀನ್ ಟೆಸ್ಟ್ ಮಾಡಿಸಿದ ಮೇಲೆ ಅದು ಚುಕ್ಕೆ ಆಯಿತು. ನಿಮ್ಮ ನಕ್ಷೆಯಲ್ಲಿ ಇಂಥ ಪ್ರಶ್ನೆ ಚಿಹ್ನೆ ಬಂದರೆ ರಕ್ತದ ಕಾಯಿಲೆ ನೋಡುವ ಡಾಕ್ಟರಿಗೆ ಹಾಳೆಯನ್ನೇ ತೋರಿಸಿ. ಹೆರಿಗೆಗೆ ಮೊದಲು, ಹಲ್ಲು ಕೀಳಿಸುವ ಮೊದಲು, ಯಾವುದೇ ಆಪರೇಷನ್‌ಗೆ ಮೊದಲು ತೋರಿಸಿ. ಕಾಯಿಲೆ ಇರುವ ಹುಡುಗನಿಗೆ ನೋವು ಅಂತ ಆಸ್ಪಿರಿನ್ ಕೊಡಬೇಡಿ, ಅದು ರಕ್ತವನ್ನು ಇನ್ನೂ ಹರಿಸುತ್ತದೆ.

ಮಗಳಿಗೆ ಈಗ ಹತ್ತೊಂಬತ್ತು. ಅವಳ ವೃತ್ತದಲ್ಲಿ ಪ್ರಶ್ನೆ ಚಿಹ್ನೆ ಇದೆ. ಟೆಸ್ಟ್ ಯಾವಾಗ ಮಾಡಿಸಬೇಕು ಅನ್ನುವುದು ಅವಳಿಗೇ ಬಿಟ್ಟಿದ್ದು ಅಂತ ಹೇಳಿದ್ದೇನೆ. ಹಾಳೆ ಅಮ್ಮನ ಬೀರುವಿನಲ್ಲಿ, ಜಮೀನಿನ ಪಹಣಿಗಳ ಜೊತೆ ಇದೆ. ಪೆನ್ಸಿಲನ್ನೂ ಅಲ್ಲೇ ಇಟ್ಟಿದ್ದೇವೆ.